ಶೂನ್ಯ ಗಂಟೆಯ ಚುಕ್ಕೆಗಳು

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ನಾನು ಚೆನ್ನೈನ ಒಂದು ಸಂಶೋಧನಾ ಸಂಸ್ಥೆಯ ಕ್ಯಾನ್ಸರ್ ಜೀವಶಾಸ್ತ್ರ ವಿಭಾಗದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಹುದ್ದೆಯ ಹೆಸರು ಕೇಳಿ ಮೈಲಾಪೂರಿನ ನಮ್ಮ ಪಕ್ಕದ ಫ್ಲಾಟಿನವರು ಮಂಡಿನೋವಿಗೆ ಮಾತ್ರೆ ಕೇಳುತ್ತಿದ್ದರು. ನಿಜವಾಗಿ ನನ್ನ ಕೆಲಸ ಜೀವಕೋಶಗಳಿಗೆ ಊಟದ ದ್ರಾವಣ ಕಲಸುವುದು, ಅವು ಉಂಡು ಬಿಟ್ಟ ಎಂಜಲನ್ನು ಬ್ಲೀಚ್ ಹಾಕಿ ಚೆಲ್ಲುವುದು. ಯಾರೂ ಕೇಳದೆ ಮಾಡುತ್ತಿದ್ದ ಇನ್ನೊಂದು ಕೆಲಸವೆಂದರೆ ಎಲ್ಲರ ದನಿಯ ಅನುಕರಣೆ. ಕ್ಯಾಂಟೀನ್ ಮಾಸ್ಟರ್‌ನಿಂದ ಹಿಡಿದು ನಿರ್ದೇಶಕರ ಕೆಮ್ಮಿನ ತನಕ ಎಲ್ಲ ನನ್ನ ಗಂಟಲಲ್ಲಿತ್ತು. ನನ್ನ ಸ್ವಂತ ದನಿಯೊಂದೇ ದೇವರು ಅರೆಮನಸ್ಸಿನಿಂದ ಕೊಟ್ಟದ್ದು. ಕೊರಿಯರ್‌ನವರು ಫೋನಿನಲ್ಲಿ ಇವತ್ತಿಗೂ ನನ್ನನ್ನು 'ಮೇಡಂ' ಅನ್ನುತ್ತಾರೆ.

ಪ್ರಯೋಗಾಲಯದಲ್ಲಿ ಕನ್ನಡಿಗರು ಮೂವರಿದ್ದೆವು. ರೈಲ್ವೆ ಗುಮಾಸ್ತರ ಮಗನಾದ ನಾನು. ಗದಗದಿಂದ ಬಂದು ಸೌಕಾರ್‌ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರ ಮಗಳು ಶಿವಲೀಲಕ್ಕ; ಪಿಎಚ್.ಡಿ.ಯ ಐದನೆಯ ವರ್ಷದಲ್ಲಿದ್ದಳು. ಮೂರನೆಯವರು ನಮ್ಮ ಪ್ರೊಫೆಸರ್. ಮೂರು ತಲೆಮಾರಿನಿಂದ ಇದೇ ಊರಿನವರು. ಅವರ ಕನ್ನಡದಲ್ಲಿ ತಮಿಳು ಎಷ್ಟಿತ್ತೆಂದರೆ ಅದನ್ನು ಅನುಕರಿಸಲು ನನಗೆ ಎರಡೇ ದಿನ ಸಾಕಾಯಿತು.

ಶಿವಲೀಲಕ್ಕನ ಪ್ರಶ್ನೆ ಸರಳವಾಗಿತ್ತು. ಕ್ಯಾನ್ಸರ್ ತರುವ ಜೀನ್ ಒಂದು ಆರೋಗ್ಯವಂತ ಜೀವಕೋಶದಲ್ಲಿ ಚಾಲೂ ಆದೊಡನೆ, ಮೊದಲ ಕೆಲವು ಗಂಟೆ, ಕೆಲವು ದಿನ, ಆ ಕೋಶ ಏನು ಮಾಡುತ್ತದೆ? ತಕ್ಷಣ ಗೆಡ್ಡೆಯಾಗುವುದಿಲ್ಲ. ಮೊದಲು ಮದವೇರಿದಂತೆ ಒಂದೇ ಸಮನೆ ವಿಭಜನೆಯಾಗುತ್ತದೆ. ಆ ಅವಸರದಲ್ಲಿ ಡಿಎನ್ಎ ನಕಲು ಮಾಡುವಾಗ ಎಳೆಗಳು ತುಂಡಾಗುತ್ತವೆ. ತುಂಡಾದಲ್ಲಿ ಕೋಶವೇ ಅಪಾಯದ ಗುರುತು ಹಚ್ಚುತ್ತದೆ. ಕೊನೆಗೆ ಇನ್ನು ಸಾಕು ಎಂದು ತನ್ನ ವಿಭಜನೆಯನ್ನು ತಾನೇ ನಿಲ್ಲಿಸಿ, ಚಪ್ಪಟೆಯಾಗಿ, ಮುದಿಯಾಗಿ ಕೂತುಬಿಡುತ್ತದೆ. ಇದಕ್ಕೆ ಸೆನೆಸೆನ್ಸ್ ಎನ್ನುತ್ತಾರೆ. ಇಷ್ಟು ಮೊದಲೇ ಗೊತ್ತಿದ್ದದ್ದು. ಯಾವುದರ ಹಿಂದೆ ಯಾವುದು, ಎಷ್ಟು ಹೊತ್ತಿಗೆ ಎಂಬುದು ಅವಳ ಪ್ರಬಂಧದ ಕೊನೆಯ ಅಧ್ಯಾಯ. ಅವಳ ಫೆಲೋಶಿಪ್ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಅಧ್ಯಾಯ ಮುಗಿಯದಿದ್ದರೆ ಐದು ವರ್ಷ ನೀರಿಗೆ ಹೋದಂತೆ.

ಅವಳು ಬೆಳೆಸುತ್ತಿದ್ದ ಕೋಶಗಳಲ್ಲಿ ಆ ಜೀನಿಗೆ ಒಂದು ಸ್ವಿಚ್ ಇತ್ತು. ಡಾಕ್ಸಿಸೈಕ್ಲಿನ್ ಎಂಬ ಔಷಧ ಹಾಕಿದರೆ ಜೀನ್ ಚಾಲೂ. ಹಾಕುವ ಕ್ಷಣ 'ಶೂನ್ಯ ಗಂಟೆ'. ಆಗ ತೆಗೆದಿಟ್ಟ ಕೋಶಗಳು ನಿಷ್ಕಳಂಕವಾಗಿರಬೇಕು, ಉಳಿದದ್ದೆಲ್ಲ ಅವುಗಳೊಂದಿಗೆ ಹೋಲಿಕೆ. ತೊಡಕು ಬರುವುದು ಊಟದಲ್ಲಿ. ಕೋಶಗಳಿಗೆ ಹಾಕುವ ಸೀರಂ ಎಂದರೆ ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದ ಹೊಂಬಣ್ಣದ ದ್ರವ. ಅದರ ಬೆಚ್ಚನೆಯ ವಾಸನೆ ಕೈಗವಸು ಕಳಚಿದ ಮೇಲೂ ಬೆರಳಲ್ಲಿ ಉಳಿಯುತ್ತದೆ. ನನಗೆ ಮೊದಲ ತಿಂಗಳು ಮೊಸರನ್ನ ಇಳಿಯುತ್ತಿರಲಿಲ್ಲ. ಶಿವಲೀಲಕ್ಕ ಪ್ರತಿ ಬಾಟಲಿ ತೆರೆಯುವಾಗ "ಶಿವಾ, ತಪ್ಪಾತು" ಎಂದು ಗೊಣಗುತ್ತಿದ್ದಳು. ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಜಾತಿಯ ಔಷಧವನ್ನು ದನಗಳಿಗೆ ಕೊಟ್ಟಿದ್ದರೆ ಅದರ ಅಂಶ ಈ ಸೀರಂನಲ್ಲೂ ಇರಬಹುದು. ಇದ್ದರೆ ನಾವು ಮುಟ್ಟುವ ಮೊದಲೇ ಸ್ವಿಚ್ ಚಾಲೂ. ಆದ್ದರಿಂದ ಅವಳ ಕೋಶಗಳಿಗೆ ಆ ಔಷಧವಿಲ್ಲವೆಂದು ಖಾತ್ರಿಯಾದ ಸೀರಂ ಮಾತ್ರ.

ಒಂದು ಮಧ್ಯಾಹ್ನ ಆ ಸೀರಂ ತಳ ಕಂಡಿತ್ತು. ಅವಳು ಕೋಶ ಬೆಳೆಸುವ ಕಲ್ಚರ್ ಕೋಣೆಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದುದು ಗಾಜಿನಾಚೆ ನನಗೆ ಕಾಣುತ್ತಿತ್ತು. ಪಕ್ಕದ ಕೋಣೆಯ ಇಂಟರ್‌ಕಾಮ್ ಎತ್ತಿಕೊಂಡು ಪ್ರೊಫೆಸರ್ ದನಿ ತೆಗೆದೆ. "ಏನಮ್ಮಾ, ಸೀರಂ ಮುಗಿದುಹೋಯ್ತಾ? ಪರವಾಗಿಲ್ಲೆ. ಹೊಸ ಲಾಟ್ ಸಾದಾ ಸೀರಂ ಬಂದಿದೆಯಲ್ಲ, ನಾನೇ ಟೆಸ್ಟ್ ಮಾಡಿಸಿದೀನಿ. ಸುಮ್ಮಾ ಅದನ್ನೇ ಹಾಕು."

"ಲೇ ಮಂಗ್ಯಾ, ಇಡೋ ಫೋನ್" ಎಂಬ ಬೈಗಳಕ್ಕೆ ಕಿವಿಯೊಡ್ಡಿದ್ದೆ. ದಿನವೂ ಅದೇ ಸಿಗುತ್ತಿತ್ತು. ಅವತ್ತು ಅವಳು "ಹೌದ್ರೀ ಸರ್? ಆತು" ಎಂದು ಫೋನ್ ಇಟ್ಟಳು. ನನ್ನ ಕಲೆಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಸಿಕ್ಕಿರಲಿಲ್ಲ. ಹೋಗಿ ಹೇಳಬೇಕು ಅಂದುಕೊಂಡೆ. ದಾರಿಯಲ್ಲಿ ಕ್ಯಾಂಟೀನ್ ಇತ್ತು, ಬಿಸಿ ಬಜ್ಜಿ ಇತ್ತು. ಬಜ್ಜಿ ತಿಂದು ಮರೆತೆ. ನಾಚಿಕೆಗೇಡು, ಆದರೆ ನಡೆದದ್ದು ಇಷ್ಟೇ.

ಹದಿನೈದು ದಿನದ ಮೇಲೆ ಸೂಕ್ಷ್ಮದರ್ಶಕದ ಕತ್ತಲೆ ಕೋಣೆಯಿಂದ ಅವಳು ಓಡಿ ಬಂದಳು. ಶೂನ್ಯ ಗಂಟೆಯ ಕೋಶಗಳ ಕೇಂದ್ರದಲ್ಲೇ ಡಿಎನ್ಎ ಅಪಾಯದ ಗುರುತುಗಳು, ಹಸಿರು ಚುಕ್ಕೆಗಳು! ಜೀನ್ ಇನ್ನೂ ಚಾಲೂ ಆಗಿಲ್ಲ, ಕೋಶ ಆಗಲೇ ಎಚ್ಚೆತ್ತಿದೆ. ಅವಳಿಗೆ ಅನುಮಾನ. ಪ್ರೊಫೆಸರಿಗೆ ಹಬ್ಬ. "ಕೋಶಕ್ಕೆ ಮುಂಚೇನೇ ಗೊತ್ತಾಗುತ್ತಮ್ಮಾ! ಶತ್ರು ಬರೋಕೆ ಮುಂಚೆ ಬಾಗಿಲು ಹಾಕ್ತಾ ಇದೆ!" ಒಂದು ವಾರ ಈ ವಾಕ್ಯವನ್ನು ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಅವರ ಹಿಂದೆ ನಿಂತು ಅದೇ ವಾಕ್ಯಕ್ಕೆ ತುಟಿಯಾಡಿಸಿ ನಾನು ನಗಿಸಿದೆ.

ಪ್ರಬಂಧದ ವಿಧಾನ ಭಾಗಕ್ಕೆ ಪಟ್ಟಿ ಮಾಡು ಎಂದು ಪ್ರೊಫೆಸರ್ ಅವಳ ಪ್ರಯೋಗ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಅವಳ ದುಂಡು ಅಕ್ಷರದಲ್ಲಿ ಒಂದು ಸಾಲು ಇತ್ತು: ಸೀರಂ, ಹೊಸ ಲಾಟ್, ಸಾದಾ, ಸರ್ ಫೋನ್ ಮಾಡಿ ಹೇಳಿದಂತೆ. ಕೆಳಗೆ ಎಣಿಕೆ: ಈ ಊಟದಲ್ಲಿ ಐದು ದಿನ, ನಂತರ ಶೂನ್ಯ ಗಂಟೆ.

ಆ ಸಾಲಿನ 'ಸರ್' ನಾನೇ. ಆ ಕೋಶಗಳಿಗೆ ಭವಿಷ್ಯ ಗೊತ್ತಿರಲಿಲ್ಲ. ಐದು ದಿನದಿಂದ ಅವುಗಳೊಳಗೆ ಸ್ವಿಚ್ ಚಾಲೂ ಇತ್ತು. ಪ್ರೊಫೆಸರ್ ಊರಿಗೆಲ್ಲ ಸಾರುತ್ತಿದ್ದ ಹೊಸ ಸತ್ಯವೆಂದರೆ ಯಾವುದೋ ದನದ ಔಷಧ ಮತ್ತು ನನ್ನ ಬಜ್ಜಿ.

ಮೊದಲು ಅವಳಿಗೆ ಹೇಳಿದೆ, ಬಜ್ಜಿಯನ್ನೂ ಬಿಡದೆ. ಕೈಯಲ್ಲಿದ್ದ ಪಿಪೆಟ್ ಕೆಳಗಿಟ್ಟಳು.

"ಅವತ್ತು ಫೋನ್ ಮಾಡಿದಾಂವ ನೀನೇನಲೇ?"

"ಹೂಂ ಅಕ್ಕ. ನೀನು ಬೈತೀಯ ಅಂದ್ಕೊಂಡಿದ್ದೆ."

"ಬೈಲಿಲ್ಲಂತ ಬಜ್ಜಿ ತಿನ್ನಾಕ ಹೋದಿ." ಅವಳು ಕೂಗಲಿಲ್ಲ. ಕೆಟ್ಟ ವಾಸನೆ ಬಂದಾಗ ಮುಖ ತಿರುಗಿಸುವಂತೆ ತಿರುಗಿಸಿದಳು. "ನನ್ನ ಐದು ವರ್ಷ ಐತಿ ತಮ್ಮಾ ಇದರಾಗ. ಎದ್ದೇಳು, ಸರ್ ಮುಂದ ಹೇಳು ನಡಿ. ನಿನ್ನ ದನಿಯೊಳಗ ಹೇಳು."

ಪ್ರೊಫೆಸರ್ ಎಲ್ಲ ಕೇಳಿಸಿಕೊಂಡು ಕುರ್ಚಿಗೆ ಒರಗಿದರು. ಕೆಲಸದಿಂದ ತೆಗೆಯುತ್ತಾರೆ ಎಂದು ನಿಂತಿದ್ದೆ. ಅವರು, "ಎಲ್ಲಿ, ಹೇಗೆ ಹೇಳ್ದೆ, ಮಾಡಿ ತೋರಿಸು" ಎಂದರು. ಅವರ ಮುಂದೆಯೇ ಅವರ ದನಿಯಲ್ಲಿ ಆ ನಾಲ್ಕು ವಾಕ್ಯ ಹೇಳಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ, ಅಷ್ಟು ಅಸಹ್ಯವೂ ಎಂದೂ ಆಗಿರಲಿಲ್ಲ. ಅವರು ನಕ್ಕರು. "ಚೆನ್ನಾಗಿದೆಯಪ್ಪಾ, ವಡಪಳನಿ ಸ್ಟುಡಿಯೋಗೆ ಹೋಗು, ಡಬ್ಬಿಂಗ್‌ನಲ್ಲಿ ಚಾನ್ಸ್ ಕೊಡ್ತಾರೆ. ಅಪ್ಪುರಂ, ಇಬ್ಬರೂ ಕೇಳಿ. ಚುಕ್ಕೆ ಕಂಡಿದ್ದು ನಿಜ ತಾನೇ? ವಿಧಾನದಲ್ಲಿ ಸೀರಂ ಅಂತ ಮಾತ್ರ ಬರೀರಿ. ಯಾವ ಸೀರಂ ಅಂತ ಯಾರು ಕೇಳ್ತಾರೆ?"

ಕಾಸಿಮೇಡಿನ ಮೀನು ಬಂದರಿನಲ್ಲಿ ಹರಾಜು ಮುಗಿದ ಮೇಲೆ ಬಿಸಿಲಿಗೆ ಬಿದ್ದ ಮೀನಿನ ನಾತಕ್ಕಾದರೂ ಮೂಗು ಮುಚ್ಚಿಕೊಳ್ಳಬಹುದು. ಇದಕ್ಕೆ ಏನು ಮುಚ್ಚಿಕೊಳ್ಳುವುದು? ಹೇಸಿಗೆಯ ಪಾಲು ನನಗೂ ಇತ್ತು. 'ಯಾರು ಕೇಳ್ತಾರೆ' ಎಂದಾಗ ಕೆಲಸ ಉಳಿಯಿತಲ್ಲ ಎಂದು ನನ್ನೊಳಗೆ ಏನೋ ಒಂದು ಹಗುರಾಗಿತ್ತು.

ಶಿವಲೀಲಕ್ಕ "ವಿಚಾರ ಮಾಡತೇನ್ರಿ ಸರ್" ಎಂದಷ್ಟೇ ಹೇಳಿ ಹೊರಬಂದಳು. ಮಾರನೆಯ ದಿನ ಪಕ್ಕದ ವಿಭಾಗದಿಂದ ಖಾತ್ರಿಯಾದ ಸೀರಂ ಕೇಳಿ ತಂದು ಎಲ್ಲವನ್ನೂ ಮೊದಲಿನಿಂದ ಹಿಡಿದಳು. ನನಗೆ ಶಿಕ್ಷೆಯೂ ಸಿಕ್ಕಿತು. ಕಲ್ಚರ್ ಕೋಣೆಯ ಬಾಗಿಲಿಗೆ ಅವಳು ಒಂದು ಕಾಗದ ಅಂಟಿಸಿದಳು: ಫೋನಿನಲ್ಲಿ ಹೇಳಿದ ಯಾವ ಬದಲಾವಣೆಯನ್ನೂ ಮಾಡುವುದಿಲ್ಲ, ಬರೆದು ಸಹಿ ಹಾಕಿ ಕೊಡಿ. ಕಾರಣ ಕೇಳಿದವರಿಗೆ ನನ್ನನ್ನು ತೋರಿಸುತ್ತಿದ್ದಳು. ವಿಭಾಗವಿಡೀ ನಕ್ಕಿತು, ಈ ಸಲ ನಗಿಸಿದ್ದು ನಾನಲ್ಲ.

ಏಳು ವಾರದ ನಂತರ ಕತ್ತಲೆ ಕೋಣೆಗೆ ಕರೆದಳು. ಶೂನ್ಯ ಗಂಟೆ. ಕಣ್ಣಿಟ್ಟು ನೋಡಿದೆ. ಕೋಶಕೇಂದ್ರಗಳು ಕಪ್ಪಗೆ, ಶಾಂತವಾಗಿ ಮಲಗಿದ್ದವು.

"ಏನೂ ಕಾಣ್ತಿಲ್ಲ ಅಕ್ಕ."

"ಹೂಂ. ಏನೂ ಇಲ್ಲ. ಚಂದ ಐತಿ, ಹೌದಿಲ್ಲೋ?"

ಚುಕ್ಕೆಗಳು ಮೂಡಿದ್ದು ಮೂರನೆಯ ದಿನ ತೆಗೆದಿಟ್ಟ ಕೋಶಗಳಲ್ಲಿ, ವಿಭಜನೆಯ ಅಬ್ಬರ ಏರಿದ ಮೇಲೆ. ಹೊಸ ಸುದ್ದಿಯೇನಲ್ಲ. ಕಾರಿಡಾರಿನಲ್ಲಿ ಸಾರುವಂಥದ್ದಲ್ಲ. ಚಿತ್ರಗಳನ್ನು ಅವಳು ಆಗಲೇ ಪ್ರೊಫೆಸರಿಗೆ ಕಳಿಸಿದ್ದಳು. ಅಷ್ಟರಲ್ಲಿ ಇಂಟರ್‌ಕಾಮ್ ಬಡಿದುಕೊಂಡಿತು. ಅವಳು ಸ್ಪೀಕರ್ ಒತ್ತಿದಳು. ಈ ಸಲ ನಾನು ಅವಳ ಪಕ್ಕದಲ್ಲೇ, ಬಾಯಿ ಮುಚ್ಚಿಕೊಂಡು ನಿಂತಿದ್ದೆ.

"ಏನಮ್ಮಾ, ಈ ಹೊಸ ಚಿತ್ರವೆಲ್ಲ ಬೇಡ. ಪೇಪರಿಗೆ ಹಳೇ ಶೂನ್ಯ ಗಂಟೆ ಚಿತ್ರಾನೇ ಹಾಕು. ಸರಿಯಾ?"

ಅವಳು ನನ್ನ ಮುಖ ನೋಡಿದಳು, ಫೋನ್ ನೋಡಿದಳು.

"ಯಾರ್ರೀ ಮಾತಾಡೋದು?"

"ನಾನಮ್ಮಾ, ನಾನೇ!"

"ದನಿ ಅವರದ ಐತ್ರಿ. ಆದ್ರ ಇಲ್ಲಿ ಒಬ್ಬಾಂವ ಅದನ್ನ ಮಾಡತಾನ, ನಂಗ ನಂಬಿಕಿ ಬರವಲ್ದು. ನೀವು ಖರೇನ ಸರ್ ಇದ್ರ, ಈ ಮಾತು ಬರದು ಸಹಿ ಹಾಕಿ ಕಳಸ್ರಿ. ಹಳೇ ಚಿತ್ರ ಹಾಕ್ತೀನಿ."

ಫೋನ್ ಕಟ್ಟಾಯಿತು.

ಆ ಕಾಗದ ಅವತ್ತು ಬರಲಿಲ್ಲ, ಆ ತಿಂಗಳು ಬರಲಿಲ್ಲ. ಅಧ್ಯಾಯ ಸೆಪ್ಟೆಂಬರಿನ ಕೊನೆಯ ವಾರ ಕಪ್ಪು ಚಿತ್ರದೊಂದಿಗೇ ಸಲ್ಲಿಕೆಯಾಯಿತು. ಕೆಳಗೆ ಪ್ರೊಫೆಸರರ ಸಹಿಯೂ ಇತ್ತು. ಅದನ್ನು ಯಾರೂ ಅನುಕರಿಸಿರಲಿಲ್ಲ. ನಾನೀಗ ಬೇರೆ ಪ್ರಯೋಗಾಲಯದಲ್ಲಿದ್ದೇನೆ. ದನಿಗಳನ್ನು ಬಿಟ್ಟಿಲ್ಲ, ಬಿಡಲಾಗುವುದೂ ಇಲ್ಲ. ಆದರೆ ಯಾರಾದರೂ ಬಾಯಿಮಾತಿನಲ್ಲಿ "ಪರವಾಗಿಲ್ಲ, ಹಾಕಿಬಿಡು" ಎಂದರೆ, ಪೆನ್ನು ತೆಗೆದು ಅವರ ಮುಂದೆ ಹಿಡಿಯುತ್ತೇನೆ. ಅರ್ಧದಷ್ಟು ಜನ ಆ ಪೆನ್ನನ್ನು ನೋಡಿಯೇ ಮನಸ್ಸು ಬದಲಾಯಿಸುತ್ತಾರೆ.