ಕಾಗೆಗೆ ಕೊಟ್ಟ ಮಾತು

ಮಲ್ಪೆಯಲ್ಲಿ ದೋಣಿ ಹತ್ತುವಾಗ ನನಗೆ ಹಕ್ಕಿಗಳ ಮೇಲೆ ಯಾವ ಆಸಕ್ತಿಯೂ ಇರಲಿಲ್ಲ. ಹಕ್ಕಿಯ ಹುಚ್ಚು ಇದ್ದದ್ದು ನನ್ನ ಗಂಡನಿಗೆ. ಅವರು ತೀರಿಹೋಗಿ ಎರಡು ತಿಂಗಳಾಗಿತ್ತು. ನಾನು ಹೊರಟದ್ದು ಒಂದು ಕಾಗೆಗೆ ಕೊಟ್ಟ ಮಾತಿಗಾಗಿ.

ಕುಕ್ಕುಂದೂರಿನ ಮನೆಯಲ್ಲಿ ಅವರ ಉತ್ತರಕ್ರಿಯೆಯ, ಅಂದರೆ ಬೊಜ್ಜದ ದಿನ, ಅಂಗಳದಾಚೆ ಬಡಿಸಿಟ್ಟ ಎಲೆಯನ್ನು ಕಾಗೆ ಮುಟ್ಟಲೇ ಇಲ್ಲ. ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮವರ ಲೆಕ್ಕ. ಮರದಲ್ಲಿ ಕೂತ ಕಾಗೆಗೆ ಕೈಮುಗಿದು ಒಬ್ಬೊಬ್ಬರೂ ಒಂದೊಂದು ಮಾತು ಕೊಟ್ಟರು. ಮಗಳ ಮದುವೆ ನಾವು ಮಾಡುತ್ತೇವೆ ಎಂದರು, ಬಾವಿಗೆ ಕಟ್ಟೆ ಕಟ್ಟಿಸುತ್ತೇವೆ ಎಂದರು. ಅದು ಕತ್ತು ಕೊಂಕಿಸಿತೇ ಹೊರತು ಇಳಿಯಲಿಲ್ಲ. ಒಳಗೆ ಊಟಕ್ಕೆ ಕಾದವರ ಹೊಟ್ಟೆ ಚುರುಗುಟ್ಟತೊಡಗಿದಾಗ ನಾದಿನಿ, "ಅಣ್ಣಾ, ಆ ಕಡಲಿನ ಹಕ್ಕಿ ಉಂಟಲ್ವಾ, ಅತ್ತಿಗೆ ಹೋಗಿ ನೋಡಿ ಬರ್ತಾರೆ" ಎಂದಳು. ಕಾಗೆ ಇಳಿಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಬೂಬಿ ಎಂದು ಆ ಹಕ್ಕಿಯ ಹೆಸರು. ಬಿಳಿ ಮೈ, ಮುಖಕ್ಕೆ ಕಪ್ಪು ಮುಖವಾಡ. ನಮ್ಮ ಕಡಲಿಗೆ ಅಪರೂಪಕ್ಕೆ ಬರುತ್ತದೆ. ಪ್ರತಿವರ್ಷ ಇವರು ಹೋಗುವುದು, ಬಿಸಿಲಿಗೆ ಮೂಗು ಸುಟ್ಟುಕೊಂಡು ಬರುವುದು. "ಸಿಗಲಿಲ್ಲ ಮಾರಾಯ್ತಿ, ಮುಂದಿನ ವರ್ಷ ಪುನಃ ಹೋಗಬೇಕು" ಎನ್ನುವುದು. ನಾನು ನಗುತ್ತಿದ್ದೆ.

ದೋಣಿಯಲ್ಲಿ ದುರ್ಬೀನು ಹಿಡಿದವರು ಐದಾರು ಮಂದಿ ಇದ್ದರು. ಕಾಪುವಿನ ದೀಪಸ್ತಂಭ ಸಣ್ಣದಾಗುತ್ತಾ ಮರೆಯಾಯಿತು. ದೋಣಿಯವರು ಬೂತಾಯಿ ಮೀನಿನ ಚೂರು ಎಸೆದಂತೆ ಹಕ್ಕಿಗಳು ಮುತ್ತಿದವು, ಎಲ್ಲರೂ ಅವುಗಳ ಹೆಸರು ಹಿಡಿದು ಕೂಗಿದರು. ನನಗೆ ಅಳು ಬರಲಿಲ್ಲ, ಬಂದೀತೆಂದು ಹೆದರಿದ್ದ ವಾಂತಿಯೂ ಬರಲಿಲ್ಲ. ಆ ಹಕ್ಕಿ ಬಾರದಿರಲಿ ಎಂಬುದೊಂದೇ ನನ್ನ ಬೇಡಿಕೆ. ಅದನ್ನು ನೋಡಿಬಿಟ್ಟರೆ ಅವರ ಆಸೆ ತೀರಿತು. ಆಮೇಲೆ ಅವರಿಗಾಗಿ ಮಾಡುವ ಕೆಲಸವೇ ನನಗೆ ಇರುವುದಿಲ್ಲ.

"ಅಕ್ಕಾ, ಎಡಕ್ಕೆ! ಎಡಕ್ಕೆ ನೋಡಿ ಮಾರಾಯ್ರೆ!" ದೋಣಿಯವರು ಕೂಗಿದರು.

ಬಂದೇಬಿಟ್ಟಿತು. ನೀರಿಗೆ ತಾಗುವಷ್ಟು ಕೆಳಗೆ ಹಾರಿ, ದೋಣಿಗೆ ಒಂದು ಸುತ್ತು ಹಾಕಿ, ಮೇಲೇರಿ ಧೊಪ್ಪನೆ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಎದ್ದಿತು. ನಾನು ಪಕ್ಕಕ್ಕೆ ತಿರುಗಿ, "ನೋಡಿದ್ರಾ? ಇಲ್ಲಿ, ನೋಡಿದ್ರಾ?" ಎಂದೆ.

ಪಕ್ಕದಲ್ಲಿ ಐಸ್ ಪೆಟ್ಟಿಗೆ ಇತ್ತು.

ಸಂಜೆ ಮನೆಗೆ ಬಂದಾಗ ನಾದಿನಿ ಗೇಟಿನಲ್ಲೇ ಕಾಯುತ್ತಿದ್ದಳು. "ಅತ್ತಿಗೆ, ಹಕ್ಕಿ ಸಿಕ್ಕಿತಾ?"

"ಇಲ್ಲ," ಎಂದೆ. "ಮುಂದಿನ ವರ್ಷ ಪುನಃ ಹೋಗಬೇಕು."