ಕಂಕುಳಲ್ಲಿ ಬಿಟ್ಟ ಒಂದು ಬೆರಳು

ಐವತ್ತೆಂಟು ವರ್ಷವಾದರೂ ನಾನಿನ್ನೂ ಅಕ್ಕ ಹೊಲಿದ ಅಂಗಿಯನ್ನೇ ಹಾಕುತ್ತೇನೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗೆ ಬೈಯಬಲ್ಲ ಹೆಂಗಸು ಅವಳು. ಅಳತೆ ಪಟ್ಟಿ ಕೊರಳಲ್ಲೇ ಇರುತ್ತದೆ, ಅವಳು ಅದನ್ನು ಮನೆಯೆಲ್ಲ ಹುಡುಕುತ್ತಿರುತ್ತಾಳೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳೇ. ಅವಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಎದುರು ನಿಂತು ಹೇಳುವ ಧೈರ್ಯವೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಚಾನೆಲ್ಲಿನಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಹರಟೆ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ನನ್ನದು ಬೋರ್ಡು ಎತ್ತುವ ಕೆಲಸ. ವೇದಿಕೆಗೆ ಬೆನ್ನು ಹಾಕಿ, ಪ್ರೇಕ್ಷಕರ ಕಡೆ ಮುಖ ಮಾಡಿ ನಿಲ್ಲಬೇಕು. ಕಿವಿಗೆ ಸಿಕ್ಕಿಸಿದ ಫೋನಿನಲ್ಲಿ ಅಪ್ಪಣೆ ಬಂದ ಕೂಡಲೇ 'ನಗಿ' ಎಂದು ಬರೆದ ಬೋರ್ಡು ಎತ್ತಬೇಕು. ಜನ ನಗುತ್ತಿದ್ದರು. ಮನೆಯಲ್ಲಿ ಮಾತ್ರ, ಕ್ಯಾಮೆರಾದವರಿಗೆ ಕೈಸನ್ನೆ ಮಾಡುವ ಕೆಲಸ ಎಂದು ಜಂಬ ಕೊಚ್ಚಿಕೊಂಡಿದ್ದೆ.

ಒಂದು ದಿನ ಬರಬೇಕಿದ್ದ ನಟ ಕೈಕೊಟ್ಟ. ನಿರೂಪಕನ ಕೋಟಿನ ತೋಳು ಗಿಡ್ಡ ಮಾಡಿ ತಂದುಕೊಟ್ಟಿದ್ದ ಅಕ್ಕನನ್ನೇ ಹಿಡಿದು ಅತಿಥಿಯ ಕುರ್ಚಿಯಲ್ಲಿ ಕೂರಿಸಿದರು. ಒಳ್ಳೆಯ ಹೊಲಿಗೆಯ ಗುಟ್ಟೇನು ಎಂದು ನಿರೂಪಕ ಕೇಳಿದ. ಅವಳು ಮನಸ್ಸಿಟ್ಟು ಉತ್ತರ ಹೇಳಿದಳು.

"ನನ್ನ ತಮ್ಮ ಕೆಲಸದಲ್ಲಿ ಕೈ ಎತ್ತುತ್ತಾನೇ ಇರ್ಬೇಕು. ಅದಕ್ಕೆ ಅವನ ಅಂಗಿಗೆ ಕಂಕುಳಲ್ಲಿ ಒಂದು ಬೆರಳು ಬಟ್ಟೆ ಜಾಸ್ತಿ ಬಿಡ್ತೀನಿ, ಎತ್ತಿದಾಗ ಹಿಡೀಬಾರ್ದು."

ನಿರೂಪಕ ಮೂಗು ಮುಚ್ಚಿಕೊಂಡ. ನನ್ನ ಕಿವಿಯಲ್ಲಿ ಅಪ್ಪಣೆ ಬಂತು. ಎತ್ತಿದೆ. ಇಳಿಸಿ, ಮತ್ತೆ ಎತ್ತಿದೆ.

ಅದು ಪ್ರಸಾರವಾದ ಮರುದಿನದಿಂದ ಬೀದಿಗೆಲ್ಲ ಅವಳು ಕಂಕುಳಕ್ಕ. ತಿಂಗಳುಗಟ್ಟಲೆ ತಲೆ ತಗ್ಗಿಸಿ ಓಡಾಡಿದಳು. ಜನರಿಗೆ ನಗು ಬಂದರೆ ಯಾರೇನು ಮಾಡೋಕಾಗುತ್ತೆ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ಹೂಂಗುಟ್ಟಿದೆ.

ಈಗ ನಾನು ಅದೇ ಚಾನೆಲ್ಲಿನ ಹಳೆಯ ಟೇಪುಗಳ ಕೋಣೆ ನೋಡಿಕೊಳ್ಳುತ್ತೇನೆ. ಈ ವರ್ಷ ಇನ್ನೊಂದು ಚಾನೆಲ್ಲು ಆ ಕಾರ್ಯಕ್ರಮದ ಮರುಪ್ರಸಾರದ ಹಕ್ಕನ್ನು ಐದು ವರ್ಷಕ್ಕೆ ಕೊಂಡಿತು. ಪ್ರತಿ ಕಂತಿಗೂ ಅತಿಥಿಯ ಒಪ್ಪಿಗೆಯ ಸಹಿ ಬೇಕು. ಸಹಿ ಇಲ್ಲದ ಕಂತು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಸಹಿ ತರುವವನು ನಾನೇ. ಅಕ್ಕನ ಕಂತಿಗೆ 'ಅತಿಥಿ ಸಿಗಲಿಲ್ಲ' ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೇಲಿನವರು, ಅದು ನಿಮ್ಮ ಮನೆಯದ್ದೇ ಅಲ್ವಾ, ಮೊದಲು ಅದನ್ನೇ ತನ್ನಿ ಎಂದಾಗ ಆಯ್ತು ಎಂದು ಸಹಿಯ ಕಾಗದ ಎತ್ತಿಕೊಂಡೆ. ಟೇಪು ಕೋಣೆಯ ಹಳೆಯ ಡಬ್ಬಾ ಟಿವಿಯಲ್ಲಿ ಆ ಕಂತನ್ನು ಎರಡು ಸಲ ನೋಡಿದೆ. ನಾನು ಎಲ್ಲೂ ಕಾಣಲಿಲ್ಲ. ಸದ್ಯ ಬಚಾವಾದೆ ಎಂದುಕೊಂಡೆ. ಅವಳು ಮತ್ತೊಮ್ಮೆ ನಗೆಪಾಟಲಾಗುತ್ತಾಳೆ ಎಂಬುದು ತಲೆಗೆ ಬಂದದ್ದು ಆಮೇಲೆ.

ಸಹಿ ಹಾಕುವ ಮುಂಚೆ ಅಕ್ಕ ಒಂದೇ ಮಾತು ಕೇಳಿದಳು. "ನೀನು ಮತ್ತೆ ನೋಡಿದ್ದೀಯಲ್ಲ, ಈಗ ನೋಡಿದ್ರೆ ನಾಚ್ಕೊಳ್ಳೋಂಥದ್ದು ಏನೂ ಇಲ್ಲ ತಾನೆ?"

"ಏನೂ ಇಲ್ಲಕ್ಕ," ಎಂದೆ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಮೂರಕ್ಕೆ ಅವಳ ಅಂಗಡಿಯ ಹೊಸ ಟಿವಿಯಲ್ಲಿ ಅದು ಬಂತು. ಕೋಟಿಗೆ ಗುಂಡಿ ಹಾಕಿಸಲು ಬಂದಿದ್ದ ನರ್ಸಮ್ಮನೂ ನಮ್ಮ ಜೊತೆ ಕೂತಿದ್ದರು. ಹಳೆಯ ಡಬ್ಬಾ ಟಿವಿಗಳು ಚಿತ್ರದ ಅಂಚನ್ನು ಸುತ್ತಲೂ ಒಂದಿಷ್ಟು ನುಂಗುತ್ತಿದ್ದವು. ಹೊಸವು ತುದಿಯವರೆಗೂ ತೋರಿಸುತ್ತವೆ. ನನ್ನ ಕಸುಬಿನಲ್ಲಿ ಇದು ಅಆಇಈ, ಆದರೂ ಮರೆತಿದ್ದೆ. ಪರದೆಯ ಬಲತುದಿಯಲ್ಲಿ ನಾನು ನಿಂತಿದ್ದೆ, ಮೈಮೇಲೆ ಅವಳು ಹೊಲಿದ ನೀಲಿ ಅಂಗಿ.

ಅಕ್ಕ ಎದ್ದೇ ಬಿಟ್ಟಳು. ಅಲ್ನೋಡಿ, ನನ್ನ ತಮ್ಮ ಎಂದು ನರ್ಸಮ್ಮನಿಗೆ ಬೆರಳಿಟ್ಟು ತೋರಿಸಿದಳು. ಅಂದು ಕುರ್ಚಿಯಿಂದ ಅವಳಿಗೆ ಕಂಡದ್ದು ನನ್ನ ಬೆನ್ನು ಮಾತ್ರ. ಪರದೆಯಲ್ಲಿ ಅವಳು ಕಂಕುಳಿನ ಮಾತು ಆಡಿದಳು. ನನ್ನ ಕೈ ಮೇಲೆದ್ದಿತು.

"ಬೋರ್ಡಲ್ಲಿ ನಗಿ ಅಂತ ಬರೆದಿದೆ," ಎಂದು ನರ್ಸಮ್ಮ ಓದಿದರು. ಆಮೇಲೆ ಏನೋ ಹೊಳೆದವರಂತೆ ಗುಂಡಿಗಳ ಡಬ್ಬಿ ತಡಕತೊಡಗಿದರು.

ಅಕ್ಕ ಮೆಲ್ಲಗೆ ಕೂತಳು. ಎರಡನೇ ಸಲ ಎತ್ತಿದ್ದನ್ನೂ ನೋಡಿದಳು. ನಾನು ಕತ್ತರಿ ನೋಡಿದೆ, ನೂಲಿನ ಉಂಡೆ ನೋಡಿದೆ, ನೆಲ ನೋಡಿದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಪ್ಪಾಯಿತು ಎನ್ನಲು ಹೊರಟೆ, ಬರೀ "ಅಕ್ಕ" ಎಂಬುದಷ್ಟೇ ಬಾಯಿಂದ ಬಂತು.

ಅವಳು ಕನ್ನಡಕ ಸರಿಮಾಡಿಕೊಂಡು, ಪರದೆಯ ಮೇಲಿನ ನನ್ನ ತೋಳನ್ನೇ ನೋಡುತ್ತ, ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದಳು.

"ಕಂಕುಳಲ್ಲಿ ಎಲ್ಲೂ ಹಿಡಿದಿಲ್ಲ ನೋಡು."