ಚೆಂಡುಹೂವಿನ ನಡುವೆ ಉತ್ತಮನ ಫೋಟೋ

ಬ್ರಿಸ್ಬೇನಿನ ಟೂವಾಂಗ್ ಬಡಾವಣೆಯಲ್ಲಿದ್ದ ಕಸ್ತೂರಿಗೆ ಒಂದು ಕಾಯಿಲೆಯಿತ್ತು, ಡಾಕ್ಟರಿಗೆ ತೋರಿಸುವಂಥದ್ದಲ್ಲ. ಪಕ್ಕದ ಸೇಂಟ್ ಲೂಸಿಯಾ ಬಡಾವಣೆಯ ಲ್ಯಾಬಿಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಉದ್ದ ಕತ್ತಿನ ಗಂಡಸು ಯಾರಾದರೂ ಮುಂದಿನ ಸೀಟಿನಲ್ಲಿ ಕೂತಿದ್ದರೆ ಸಾಕು, ಎದ್ದು ಹೋಗಿ ಮುಖ ನೋಡಿ ಬರುತ್ತಿದ್ದಳು. ಅಂಥದೇ ಕತ್ತಿನ ಅವಳ ಅಣ್ಣ ಉತ್ತಮ್ ಮೈಸೂರಿನ ಮನೆ ಬಿಟ್ಟು ಹೋಗಿ ಹದಿಮೂರು ವರ್ಷವಾಗಿತ್ತು. ಅವಳ ಹೊಸ ಸ್ಕೂಟರನ್ನು ಅವನು ಗುದ್ದಿಸಿಕೊಂಡು ಬಂದನೆಂದು ಅವತ್ತು ಅವಳು ಅವನ ಮೇಲೆ ಹರಿಹಾಯ್ದು, "ಎಲ್ಲಾದ್ರೂ ಹಾಳಾಗಿ ಹೋಗು, ಮತ್ತೆ ಮುಖ ತೋರಿಸ್ಬೇಡ" ಅಂದಿದ್ದಳು. ಹೋಗಿಯೇಬಿಟ್ಟ. ಜನ್ಮದಲ್ಲಿ ಯಾರ ಮಾತೂ ಕೇಳದವನು ಅದೊಂದನ್ನು ಮಾತ್ರ ಕೇಳಿದ, ಪುಣ್ಯಾತ್ಮ! ತಾನು ಹಾಗಂದದ್ದನ್ನು ಕಸ್ತೂರಿ ಯಾರಿಗೂ ಹೇಳಿರಲಿಲ್ಲ, ಹೆತ್ತ ತಾಯಿಗೂ.

ಹನ್ನೆರಡು ವರ್ಷ ಸುದ್ದಿಯೇ ಇಲ್ಲದಿದ್ದರೆ ದರ್ಭೆಯಲ್ಲಿ ಆಕೃತಿ ಮಾಡಿ, ಅದನ್ನೇ ಸುಟ್ಟು ಕರ್ಮ ಮುಗಿಸುವುದು ಅವರಲ್ಲಿ ಪದ್ಧತಿ. ಸೋದರಮಾವ ರಮಾಕಾಂತ್ ಫೋನಿನಲ್ಲಿ ಆ ವಿಷಯ ಎತ್ತಿದಾಗ ಕಸ್ತೂರಿ ಉರಿದುಬಿದ್ದಿದ್ದಳು. ಅಣ್ಣ ಸತ್ತನೆಂದರೆ ಕೊಂದದ್ದು ತನ್ನ ನಾಲಿಗೆಯೇ ಅಂತ ಆಗುತ್ತದಲ್ಲ!

2016ರ ಒಂದು ಭಾನುವಾರ ಮಧ್ಯಾಹ್ನ, ಜೊತೆಯಲ್ಲೇ ಇದ್ದ ತಾಯಿ ಮೈಥಿಲಿಯಮ್ಮನನ್ನೂ ಮಗಳು ಮಾಲವಿಕಾಳನ್ನೂ ಕರೆದುಕೊಂಡು ಬ್ರಿಸ್ಬೇನಿಗೆ ಬಂದಿದ್ದ ಸರ್ಕಸ್ಸಿಗೆ ಹೋದಳು. ಮೆಕ್ಸಿಕೋದವರ ಹಬ್ಬಗಳ ಮೇಲೆ ಕಟ್ಟಿದ ಆಟ; ಆನೆ, ಸಿಂಹ ಏನೂ ಇಲ್ಲ, ಬರೀ ಮನುಷ್ಯರ ಕಸರತ್ತು. ಡೇರೆಯ ಬಾಗಿಲಲ್ಲೇ ಚೆಂಡುಹೂ ಹೊದಿಸಿದ ಮೂರು ಮೆಟ್ಟಿಲಿನ ಪೀಠ, ಮೇಲೆ ದೀಪ. ತೀರಿಕೊಂಡವರ ಫೋಟೋ ಅಲ್ಲಿಟ್ಟರೆ ಅವರೂ ಆಟ ನೋಡಲು ಬರುತ್ತಾರೆಂದು ಟಿಕೆಟ್ ನೋಡುವ ಹುಡುಗಿ ನಗುತ್ತ ಹೇಳಿದಳು. ನಗುವ ಮಾತೇ ಅದು? ಹಿಂದೆ ತಿರುಗಿ ನೋಡುತ್ತಿದ್ದ ಮಗಳ ಕೈ ಹಿಡಿದು ಕಸ್ತೂರಿ ದರದರನೆ ಒಳಗೆ ನಡೆದಳು. ತಾಯಿ ಹಿಂದಿನಿಂದ ನಿಧಾನವಾಗಿ ಬಂದು ಸೇರಿಕೊಂಡರು.

ಮುಖಕ್ಕೆ ತಲೆಬುರುಡೆಯ ಬಣ್ಣ ಬಳಿದುಕೊಂಡವನೊಬ್ಬ ಹಗ್ಗ ಹತ್ತಿ ತುದಿ ಮುಟ್ಟಿ, ಕೈಬಿಟ್ಟು, ತಲೆಕೆಳಗಾಗಿ ಬಿದ್ದ. ಜನ ಹೋ ಎಂದು ಕಿರುಚಿದರು. ನೆಲ ಇನ್ನೊಂದು ಮೊಳ ಇರುವಾಗ ಹಗ್ಗ ಅವನ ಕಾಲನ್ನು ಹಿಡಿದು ನಿಲ್ಲಿಸಿತು. ಬೆಳ್ಳಗಿನ ಆ ಮುಖ ತೂಗಾಡುತ್ತ, ತಿರುಗುತ್ತ, ಬಂದು ನಿಂತದ್ದು ನೇರ ಕಸ್ತೂರಿಯ ಎದುರಿಗೆ. ಉದ್ದ ಕತ್ತು. ಬಂದನೇ? ಕರೆಯದೆ ಬಂದನೇ? ಇಂಟರ್‌ವಲ್ ಆದದ್ದೇ ತಡ, ಎದ್ದು ಹೊರಗೆ ಬಂದಳು. ಮಗಳೂ ಹಿಂದೆಯೇ ಓಡಿ ಬಂದಳು.

ಪೀಠದ ಎರಡನೇ ಮೆಟ್ಟಿಲಲ್ಲಿ, ಚೆಂಡುಹೂವಿನ ನಡುವೆ, ಉತ್ತಮನ ಪಾಸ್‌ಪೋರ್ಟ್ ಸೈಜಿನ ಫೋಟೋ ಇತ್ತು.

"ಮಾಲೂ! ಯಾರೇ ಇದನ್ನಿಟ್ಟಿದ್ದು? ಬದುಕಿರೋರ ಫೋಟೋ ಇಡ್ತಾರೇನೇ ಇಲ್ಲಿ?"

"ನಾಟ್ ಮೀ, ಮಮ್! ಅಜ್ಜಿ ಡಿಡ್ ಇಟ್!" ಮಗು ಅಳುವುದೊಂದು ಬಾಕಿ.

ಅಷ್ಟರಲ್ಲಿ ಮೈಥಿಲಿಯಮ್ಮ ಜನರನ್ನು ಸರಿಸಿಕೊಂಡು ಬಂದರು. "ಅವಳನ್ನ ಬೈಬೇಡ. ನಾನೇ ಕಣೆ ಇಟ್ಟಿದ್ದು. ಹೋದ ವರ್ಷ ಮೈಸೂರಿಗೆ ಹೋಗಿದ್ದೆನಲ್ಲ, ಆವಾಗ್ಲೇ ಶ್ರೀರಂಗಪಟ್ಟಣದಲ್ಲಿ ಎಲ್ಲಾ ಮುಗಿಸ್ಬಿಟ್ಟೆ. ರಮಾಕಾಂತನೇ ನಿಂತು ಮಾಡಿಸ್ದ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಫೋಟೋ ತೆಗೆಯಲು ಚಾಚಿದ್ದ ಕೈ ಹಾಗೇ ನಿಂತಿತು. ಸುಟ್ಟೇಬಿಟ್ಟರೇ? ತಾನು ಬಸ್ಸುಬಸ್ಸಿನಲ್ಲಿ ಮುಖ ಹುಡುಕುತ್ತಿದ್ದಾಗಲೇ? ಕಸ್ತೂರಿಗೆ ತಡೆಯಲಾಗಲಿಲ್ಲ, ಅಷ್ಟು ಜನರ ನಡುವೆಯೇ ಗೊಳೋ ಎಂದು ಅತ್ತಳು. "ನಾನೇ ಅಮ್ಮಾ... ಹಾಳಾಗಿ ಹೋಗು ಅಂತ ನಾನೇ ಅವನಿಗೆ ಅಂದಿದ್ದು."

"ಗೊತ್ತು ಕಣೆ," ಅಂದರು ಮೈಥಿಲಿಯಮ್ಮ. "ಅಡುಗೆಮನೇಲೇ ಇದ್ದೆ. ಹೋಗಿ ಬುದ್ಧಿ ಕಲ್ತು ಬರ್ಲಿ ಅಂತ ನಾನೂ ತಡೀಲಿಲ್ಲ."